ಹಿಂದಿನ ಕೋಣೆಯ ಹಾಸಿಗೆ

ಜೂನ್ ೯

ಅಮ್ಮಾ,

ತಲುಪಿದ್ದೇನೆ. ಬಸ್ಸು ಹತ್ತಿಸುವಾಗ ಅಪ್ಪ 'ಹೋದ ಕೂಡಲೇ ಎರಡು ಸಾಲು ಬರಿ' ಎಂದು ಮಾತು ತೆಗೆದುಕೊಂಡಿದ್ದರು. ಅದಕ್ಕೇ ಬರೆಯುತ್ತಿದ್ದೇನೆ.

ಕೆಲಸ ಸಿಕ್ಕಿತು. ನಾನು ಆಸೆಪಟ್ಟು ಬಂದ ಕೆಲಸವಲ್ಲ. ಈ ಆಫೀಸಿನವರಿಗೆ ಕಟ್ಟಡದ ನಕ್ಷೆ ಬರೆಯುವವಳು ಬೇಕಾಗಿತ್ತು. 'ನೀವು ಬರೆದದ್ದು ತೋರಿಸಿ' ಅಂದರು. ಏನು ತೋರಿಸಲಿ? ಎರಡು ವರ್ಷ ಕಣ್ಣು ಕೆಂಪಗೆ ಮಾಡಿಕೊಂಡು ಬರೆದ ನಕ್ಷೆಗಳೆಲ್ಲ ನನ್ನ ಸೂಟ್‌ಕೇಸಿನಲ್ಲಿದ್ದವು. ಸೂಟ್‌ಕೇಸು ನೀನು ಹಿಂದಿನ ಕೋಣೆಯಲ್ಲಿ ಮಲಗಿಸಿದ ಆ ಮಹಾನುಭಾವನ ಕೈಯಲ್ಲಿದೆ. ನಾನು ಹೊರಡುವ ದಿನವೇ ಬೆಳಿಗ್ಗೆ ಎದ್ದು, ಚಹಾ ಕುಡಿದು, ನಿನಗೆ ಕೈಮುಗಿದು, ಬಾಗಿಲ ಬಳಿ ಇಟ್ಟಿದ್ದ ನನ್ನ ಸೂಟ್‌ಕೇಸು ಎತ್ತಿಕೊಂಡು ಹೋದನಲ್ಲ, ಅವನ ಕೈಯಲ್ಲಿ. ಕೊನೆಗೆ ಇವರು ನನ್ನನ್ನು ಬೇರೆಯವರ ನಕ್ಷೆಗಳ ನಕಲು ತೆಗೆಯುವ ಮೇಜಿಗೆ ಕೂರಿಸಿದ್ದಾರೆ.

ಆವತ್ತು ನೀನು ಏನಂದೆ ನೆನಪಿದೆಯಾ? 'ಅವನಿಗೆ ಏನು ಕಷ್ಟವಿತ್ತೋ, ಪಾಪ' ಅಂದೆ. ಎದುರಿಗೆ ಅಳುತ್ತಾ ನಿಂತವಳು ನಾನು, ನಿನ್ನ 'ಪಾಪ' ಹೋಗಿ ಬಿದ್ದದ್ದು ಅವನಿಗೆ.

'ನಾವು ಇಲ್ಲಿ ಒಬ್ಬರಿಗೆ ಹಾಸಿಕೊಟ್ಟರೆ ನಮ್ಮ ಮಕ್ಕಳಿಗೆ ಎಲ್ಲೋ ಯಾರೋ ಹಾಸಿಕೊಡ್ತಾರೆ' ಎಂದು ದಿನಾ ಚಾದರ ಕೊಡವುತ್ತಾ ಹೇಳುತ್ತೀಯಲ್ಲ, ನಿನ್ನ ದೇವರ ಕೈಯಲ್ಲಿ ಒಂದು ಸೂಟ್‌ಕೇಸು ಕಾಯಲಿಕ್ಕೆ ಆಗಲಿಲ್ಲ. ಆ ಕೋಣೆಗೆ ಬೀಗ ಬೀಳುವವರೆಗೆ ನಾನು ಮನೆಗೆ ಬರುವುದಿಲ್ಲ. ಸಿಟ್ಟಿನಲ್ಲಿ ಬರೆದದ್ದಲ್ಲ, ಯೋಚಿಸಿಯೇ ಬರೆದದ್ದು.

ಅಪ್ಪನಿಗೆ ನಮಸ್ಕಾರ ತಿಳಿಸು.

ಮಗಳು

*

ಜೂನ್ ೨೦

ಪುಟ್ಟೀ,

ನಿನ್ನ ಕಾಗದ ಬಂತು. ಅಪ್ಪ ಗಟ್ಟಿಯಾಗಿ ಓದಿದರು, ಆಮೇಲೆ ನಾನೊಬ್ಬಳೇ ಕೂತು ಓದಿದೆ. ಯೋಚಿಸಿ ಬರೆದದ್ದು ಅಂದಿದ್ದೀಯ. ಅಕ್ಷರ ನೋಡಿದರೆ ಪೆನ್ನು ಕಾಗದವನ್ನು ತೂತು ಮಾಡಿದೆ. ಇರಲಿ.

ನಿನ್ನ ನಕ್ಷೆಗಳು ಹೋದದ್ದಕ್ಕೆ ನನಗೆ ಸಂಕಟವಿಲ್ಲ ಅಂದುಕೊಳ್ಳಬೇಡ. ನೀನು ದೀಪದ ಕೆಳಗೆ ಬೆನ್ನು ಬಗ್ಗಿಸಿ ಕೂತಿದ್ದನ್ನು ಕಂಡವಳು ನಾನು. 'ಪಾಪ' ಅನ್ನುವ ಮಾತು ಮೊದಲು ನಿನಗೆ ಬರಬೇಕಾಗಿತ್ತು, ಬಾಯಿ ತಪ್ಪಿ ಅವನ ಕಡೆ ಹೋಯಿತು. ಆದರೆ ಆ ಕೋಣೆ ನನ್ನ ಹುಚ್ಚಾಟ ಅಂತ ನೀನು ತಿಳಿದಿದ್ದರೆ, ಅದು ನಿಮ್ಮ ಅಜ್ಜನ ಹುಚ್ಚು. ಹಾಸಿಗೆ ಮಾಡುವವನಿಗೆ ತನ್ನ ಹಾಸಿಗೆಯ ಗಂಟು ಗೊತ್ತಾಗುವುದಿಲ್ಲ ಅನ್ನುತ್ತಿದ್ದರು ಅವರು. ತಾನೇ ಹಿಂಜಿದ ಹತ್ತಿ, ತಾನೇ ಹಾಕಿದ ಹೊಲಿಗೆ, ಹಾಗಾಗಿ ಬೆನ್ನು ಒಳಗೊಳಗೇ ಸರಿಮಾಡಿಕೊಂಡುಬಿಡುತ್ತದೆ. ಹೊರಗಿನವರನ್ನು ಮಲಗಿಸಿದರೆ ಬೆಳಿಗ್ಗೆ ನಿಜ ಹೇಳುತ್ತಾರೆ. ಮೇಲೆ ದಪ್ಪ ಗವಸು ಹಾಕಿ, ಬಸ್ಸು ತಪ್ಪಿದವರೋ ಊರು ಹೊಸದಾದವರೋ ಒಬ್ಬರನ್ನು ಕರೆದು ತಂದು, ಊಟ ಹಾಕಿ ಮಲಗಿಸುವುದು. ಬೆಳಿಗ್ಗೆ ಚಹಾ ಕೊಟ್ಟು 'ಎಲ್ಲಿ ಚುಚ್ಚಿತು?' ಅಂತ ಕೇಳುವುದು. ಅವರು ತೋರಿಸಿದ ಕಡೆ ನಿಮ್ಮಪ್ಪ ಕೆಂಪು ದಾರ ಕಟ್ಟಿ, ಅಲ್ಲಿ ಬಿಚ್ಚಿ ಸರಿಮಾಡುವುದು. ನಮ್ಮ ಗಿರಾಕಿಗಳಿಗೆಲ್ಲ ಇದು ಗೊತ್ತು. ಅದಕ್ಕೇ ನಮ್ಮಲ್ಲಿಗೆ ಬರುತ್ತಾರೆ.

ಆ ಮನುಷ್ಯನೂ ಎಡಭುಜದ ಹತ್ತಿರ ಗಂಟಿದೆ ಅಂದಿದ್ದ. ಬಿಚ್ಚಿ ನೋಡಿದರೆ ನಿಜವಾಗಿ ಇತ್ತು. ಅಷ್ಟರ ಮಟ್ಟಿಗೆ ಪ್ರಾಮಾಣಿಕ. ನಗಬೇಡ, ನನಗೂ ನಗು ಬರುತ್ತಿಲ್ಲ.

ಅಜ್ಜನಿಗೆ ಅದು ಕೆಲಸದ ಕಟ್ಟುಪಾಡು. ನನಗೆ ಹಾಗಲ್ಲ. ನೀನು ಹುಟ್ಟಿದ ಮೇಲೆ, ಇವಳು ಒಂದು ದಿನ ದೊಡ್ಡವಳಾಗಿ ಎಲ್ಲಿಗೋ ಹೋಗುತ್ತಾಳೆ, ಅಲ್ಲಿ ನಾನಿರುವುದಿಲ್ಲ ಅನ್ನುವುದು ಒಮ್ಮೆ ತಲೆಗೆ ಹೊಕ್ಕಿತು. ಅಂದಿನಿಂದ ಆ ಚಾದರ ಹಾಸುವುದೇ ನನ್ನ ಪ್ರಾರ್ಥನೆ. ಬೇರೆ ಪ್ರಾರ್ಥನೆ ನನಗೆ ಬಾರದು. ದೇವರು ಕೇಳಿಸಿಕೊಳ್ಳುತ್ತಾನೆ ಅನ್ನುವುದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.

ಆದರೂ ನೀನು ಮನೆಗೆ ಬರುವುದಿಲ್ಲ ಅಂದಮೇಲೆ ಮಾತು ಮುಗಿಯಿತು. ನಿನ್ನೆ ಕೋಣೆಗೆ ಬೀಗ ಹಾಕಿದೆ. ಕೀಲಿ ನನ್ನ ಸೊಂಟದಲ್ಲಿದೆ. ಇನ್ನು ಹೊಸ ಹಾಸಿಗೆಯ ಮೇಲೆ ಮಲಗಿ ನೋಡುವ ಕೆಲಸ ಅಪ್ಪನದು. ಅವರಿಗಂತೂ ಖುಷಿಯೋ ಖುಷಿ.

ಹೊಟ್ಟೆ ತುಂಬ ತಿನ್ನು. ಕಣ್ಣಿಗೆ ಆಯಾಸ ಮಾಡಿಕೊಳ್ಳಬೇಡ.

ನಿನ್ನ ದಾರಿ ನೋಡುತ್ತಿರುವ
ಅಮ್ಮ

*

ಜುಲೈ ೧೧

ಅಮ್ಮಾ,

ಬೀಗ ಹಾಕಿದ್ದು ತಿಳಿಯಿತು. ನೀನು ಹಾಕುತ್ತೀಯ ಅಂದುಕೊಂಡಿರಲಿಲ್ಲ. ಇಲ್ಲಿ ಕೆಲಸ ಜಾಸ್ತಿ, ರಜೆ ಕೇಳುವ ಹಾಗಿಲ್ಲ. ಬರುವುದನ್ನು ಮುಂದೆ ನೋಡೋಣ.

ಬಾಡಿಗೆ ಕೋಣೆ ಚೆನ್ನಾಗಿದೆ. ಕಿಟಕಿ ಇದೆ, ತೆರೆದರೆ ಪಕ್ಕದ ಮನೆಯ ಗೋಡೆ ಇದೆ.

ಮಗಳು

*

ಸೆಪ್ಟೆಂಬರ್ ೨೨

ಪುಟ್ಟೀ,

ನಿನ್ನ ಪತ್ರವಿಲ್ಲದೆ ಬಹಳ ದಿನವಾಯಿತು. ಗೋಡೆ ನೋಡುವುದರಲ್ಲೇ ಮುಳುಗಿದ್ದೀಯೋ ಏನೋ.

ಇಲ್ಲಿನ ಸಮಾಚಾರ ಕೇಳು. ನಿಮ್ಮಪ್ಪ ಪ್ರತಿಯೊಂದು ಹಾಸಿಗೆಯ ಮೇಲೂ ಮಲಗುತ್ತಾರೆ, ಮಲಗಿದ ಕೂಡಲೇ ಗೊರಕೆ. ಬೆಳಿಗ್ಗೆ ಎದ್ದು 'ಫಸ್ಟ್ ಕ್ಲಾಸ್' ಅನ್ನುತ್ತಾರೆ. ಎಲ್ಲವೂ ಫಸ್ಟ್ ಕ್ಲಾಸ್. ಹೋದ ವಾರ ಸಂಗೀತದ ಮೇಷ್ಟ್ರು ತಮ್ಮ ಹಾಸಿಗೆಯನ್ನು ಗಾಡಿಯಲ್ಲಿ ಹೇರಿಕೊಂಡು ವಾಪಸ್ಸು ತಂದರು. 'ಏನಮ್ಮಾ ಇದು, ಜಲ್ಲಿಕಲ್ಲಿನ ಮೇಲೆ ಮಲಗಿದ ಹಾಗಿದೆ' ಅಂದರು. ಅಪ್ಪನ ಮುಖ ನೋಡಬೇಕಾಗಿತ್ತು. 'ನಾನೇ ಮಲಗಿ ನೋಡಿದೀನಿ ಸಾರ್' ಅಂದರು. 'ಅದೇ ತೊಂದರೆ ಆಗಿರೋದು' ಅಂದರು ಮೇಷ್ಟ್ರು. ಅವರಾದ ಮೇಲೆ ಇನ್ನೂ ಇಬ್ಬರು ತಂದರು. ನಾನೂ ಮಲಗಿ ನೋಡಿದೆ. ನನಗೂ ಏನೂ ಚುಚ್ಚಲಿಲ್ಲ. ಅಜ್ಜ ಮೇಲೆ ಕೂತು ನಗುತ್ತಿರಬೇಕು.

ಹಾಸಿಗೆ ವಾಪಸ್ಸು ಬಂದರೆ ಬಿಚ್ಚಿ ಮತ್ತೆ ಹೊಲಿಯಬಹುದು. ನಾನು ಬರೆಯಲು ಕೂತದ್ದು ಅದಕ್ಕಲ್ಲ.

ಮೊನ್ನೆ ಸಂಜೆ ಒಬ್ಬಳು ಬಂದಳು. ನನಗಿಂತ ಸ್ವಲ್ಪ ಚಿಕ್ಕವಳಿರಬಹುದು. ಗಂಡ ಎತ್ತರದಿಂದ ಬಿದ್ದು ಕಾಲು ಎರಡು ಕಡೆ ಮುರಿದು ದೊಡ್ಡಾಸ್ಪತ್ರೆಯಲ್ಲಿದ್ದಾನೆ, ಇನ್ನೂ ಎಷ್ಟು ವಾರವೋ ತಿಳಿಯದು. ಜೊತೆಯವರಿಗೆ ಅಲ್ಲಿ ಮಲಗಲು ಜಾಗವಿಲ್ಲ. ಯಾರೋ ನಮ್ಮ ಅಂಗಡಿ ತೋರಿಸಿದ್ದಾರೆ. 'ಇಲ್ಲಿ ಒಂದು ಮಂಚ ಕೊಡ್ತೀರಂತಲ್ಲ ಅಕ್ಕಾ' ಅಂದಳು. ನಾನು 'ಈಗ ಕೊಡಲ್ಲಮ್ಮ, ನಿಲ್ಲಿಸಿದೀವಿ' ಅಂದೆ. ಅವಳು 'ಪರವಾಗಿಲ್ಲ ಬಿಡಿ' ಅಂದಳು. ಮುಖದ ಮೇಲೆ ಒಂದಿಷ್ಟೂ ಬೇಸರವಿಲ್ಲ. ಚೀಲವನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡು ಹೊರಟಳು. ಕೀಲಿ ನನ್ನ ಸೊಂಟದಲ್ಲೇ ಇತ್ತು, ಪುಟ್ಟಿ. ಅವಳು ಬೈದಿದ್ದರೆ ಚೆನ್ನಾಗಿತ್ತು. ಆ 'ಪರವಾಗಿಲ್ಲ' ಅನ್ನುವುದು ನನಗೆ ಊಟ ಸೇರಿಸಲಿಲ್ಲ.

ನಿನಗೆ ಕೊಟ್ಟ ಮಾತು ಕೊಟ್ಟದ್ದೇ. ಬೀಗ ತೆಗೆಯಲಿಲ್ಲ, ತೆಗೆಯುವುದಿಲ್ಲ. ಆದರೆ ನನ್ನ ನಂಬಿಕೆಗೆ ಬೀಗ ಹಾಕಿದ್ದೇನೆ ಅಂದುಕೊಳ್ಳಬೇಡ. ನಾನು ದಿನವೂ ಬೀಗದ ಮುಂದೆ ನಿಂತು ಖಾಲಿ ಚಾದರವನ್ನು ಕೊಡವಿ ಮಡಚಿ ಇಡುತ್ತೇನೆ. ಅಪ್ಪ ನೋಡಿ ತಲೆ ಅಲ್ಲಾಡಿಸುತ್ತಾರೆ. ಅಲ್ಲಾಡಿಸಲಿ.

ಒಂದು ಸಾಲಾದರೂ ಬರಿ.

ಅಮ್ಮ

ನಿಮ್ಮಮ್ಮ ಬರೆಯಲು ಮರೆತಳು: ಹಾಸಿಗೆ ಫಸ್ಟ್ ಕ್ಲಾಸೇ ಇತ್ತು. ಮೇಷ್ಟ್ರ ಬೆನ್ನು ಸರಿಯಿಲ್ಲ. — ಅಪ್ಪ

*

ಅಕ್ಟೋಬರ್ ೫

ಅಮ್ಮಾ, ಅಪ್ಪಾ,

ಒಂದು ಸಾಲಲ್ಲ, ಈ ಸಲ ತುಂಬ ಇದೆ. ಕೂತು ಓದಿ. ನಾನು ಈಗ ಚೆನ್ನಾಗಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಹೋದ ಶುಕ್ರವಾರ ಕೆಲಸ ಮುಗಿಸಿ ಬಂದರೆ ನನ್ನ ಸಾಮಾನೆಲ್ಲ ಮೆಟ್ಟಿಲ ಮೇಲಿತ್ತು. ಮನೆಯೊಡೆಯನಿಗೆ ಅಳಿಯ ಬರುತ್ತಾನಂತೆ, ಕೋಣೆ ಬೇಕಂತೆ. ಎರಡು ಮಾತು ಜಗಳವಾಡಿದೆ, ಬಾಗಿಲು ಮುಚ್ಚಿದ. ಹೆಂಗಸರ ಹಾಸ್ಟೆಲಿನವರು ಸೋಮವಾರ ಬಾ ಅಂದರು. ಆಫೀಸಿನಲ್ಲಿ ಆಗಲೇ ಎಲ್ಲರೂ ಹೋಗಿದ್ದರು. ಈ ಊರಿನಲ್ಲಿ ನನಗೆ ಗೊತ್ತಿರುವ ಮನೆ ಒಂದೂ ಇಲ್ಲ ಅನ್ನುವುದು ಆವತ್ತಿನವರೆಗೆ ನನ್ನ ತಲೆಗೇ ಬಂದಿರಲಿಲ್ಲ.

ಊರಿನ ಸುತ್ತ ತಿರುಗುವ ಒಂದು ಬಸ್ಸಿದೆ. ಅದನ್ನು ಹತ್ತಿ ಕೂತೆ. ಒಂದು ಸುತ್ತು ಮುಗಿಯಿತು, ಮತ್ತೆ ಟಿಕೆಟು ತೆಗೆದುಕೊಂಡೆ. ಎಲ್ಲಿ ಇಳಿಯಬೇಕು ಎಂದು ಗೊತ್ತಿದ್ದರಲ್ಲವೇ ಇಳಿಯುವುದು. ಮೂರನೆಯ ಸುತ್ತಿಗೆ ಕಂಡಕ್ಟರಮ್ಮ ಬಂದು ನನ್ನ ಪಕ್ಕ ನಿಂತಳು. ಕುತ್ತಿಗೆಯಲ್ಲಿ ಸೀಟಿ, ಗಟ್ಟಿ ಆಳು, ಅದಕ್ಕಿಂತ ಗಟ್ಟಿ ಗಂಟಲು.

'ಏನಮ್ಮಾ, ಬಸ್ಸನ್ನೇ ಬಾಡಿಗೆಗೆ ಹಿಡಿದ್ಯಾ?'

ನಾನು ನಗಬೇಕೆಂದು ಬಾಯಿ ತೆರೆದೆ, ಅಳು ಬಂತು. ಅವಳು 'ಇದು ಕೊನೇ ಟ್ರಿಪ್ಪು. ನನ್ನ ಜೊತೆ ಇಳಿ' ಅಂದಳು. ಅಷ್ಟೇ. ನಾನು ಯಾರು, ಯಾವ ಊರು, ಒಂದೂ ಕೇಳಲಿಲ್ಲ. ಬೀದಿಯವರೆಲ್ಲ ಅವಳನ್ನು ಸೀಟಿಯಮ್ಮ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ.

ಎರಡು ಪುಟ್ಟ ಕೋಣೆಗಳ ಮನೆ. ಒಳಗಿನದರಲ್ಲಿ ಅವಳ ಅತ್ತೆ. ತನ್ನ ಹಾಸಿಗೆಯನ್ನು ನನಗೆ ಹಾಸಿಕೊಟ್ಟು ಸೀಟಿಯಮ್ಮ ಅಡುಗೆ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದಳು. ಅಮ್ಮಾ, ಅವಳು ಚಾದರ ಕೊಡವಿದಾಗ ಆ ಸದ್ದು ಕೇಳಿ ನನಗೆ ಏನಾಯಿತು ಎಂದು ಬರೆಯಲು ಬರುವುದಿಲ್ಲ. ನಿನ್ನ ದಿನದ ಮಾತು ಕಿವಿಯಲ್ಲೇ ಇತ್ತು.

ಬೆಳಿಗ್ಗೆ ಅವಳು ಮೊದಲ ಬಸ್ಸಿಗೆ ಹೊರಟಳು. ಮನೆಯ ಕೀಲಿಯನ್ನು ನನ್ನ ತಲೆದಿಂಬಿನ ಪಕ್ಕ ಇಟ್ಟು, 'ಅತ್ತೆಗೆ ಕಿವಿ ಮಂದ, ಎದ್ದರೆ ಚಹಾ ಕೊಡು' ಎಂದು ಹೇಳಿ ಹೋದಳು. ರಾತ್ರಿಯಷ್ಟೇ ಕಂಡ ಹುಡುಗಿಯ ಕೈಗೆ ಮನೆಯನ್ನೇ ಕೊಟ್ಟುಹೋದಳು!

ಇಲ್ಲಿಂದ ಮುಂದಕ್ಕೆ ಅಪ್ಪ ನಗುತ್ತಾರೆ. ಆ ಹಾಸಿಗೆಯಲ್ಲಿ ಸೊಂಟದ ಹತ್ತಿರ ಒಂದು ಗಂಟು, ತೆಂಗಿನಕಾಯಿ ಗಾತ್ರದ್ದು. ಬೆಳಗಾದ ಮೇಲೆ ಯಾರಾದರೂ ನನ್ನನ್ನು 'ಎಲ್ಲಿ ಚುಚ್ಚಿತು?' ಎಂದು ಕೇಳಬೇಕಲ್ಲ, ಯಾರೂ ಕೇಳಲಿಲ್ಲ. ಉಪಕಾರಕ್ಕೆ ನನ್ನಿಂದ ಆಗುವುದು ಇದೊಂದೇ ಅಂದುಕೊಂಡೆ. ಅವಳ ಡಬ್ಬಿಯಲ್ಲಿ ದಪ್ಪ ಸೂಜಿ ಇತ್ತು. ಹೊಲಿಗೆ ಬಿಚ್ಚಿ, ಹತ್ತಿಯನ್ನು ನೆಲದ ತುಂಬ ಹರಡಿ ಕೈಯಲ್ಲೇ ಹಿಂಜಲು ಕೂತೆ.

ಅತ್ತೆ ಎದ್ದು ಬಂದರು. ಮನೆ ತುಂಬ ಹತ್ತಿ, ಹೊಟ್ಟೆ ಬಗೆದ ಹಾಸಿಗೆ, ನಡುವೆ ಕಂಡು ಕೇಳರಿಯದ ಹುಡುಗಿ ಮೊಣಕೈವರೆಗೆ ಒಳಗೆ ಕೈ ಹಾಕಿ ಕೂತಿದ್ದಾಳೆ. 'ಕಳ್ಳೀ! ಕಳ್ಳೀ! ಹಾಸಿಗೇಲಿ ದುಡ್ಡು ಹುಡುಕ್ತಾ ಇದ್ದಾಳೆ!' ಎಂದು ಬೀದಿ ಕೇಳುವ ಹಾಗೆ ಕೂಗಿದರು. ಅಕ್ಕಪಕ್ಕದವರೆಲ್ಲ ಬಂದರು. ಒಬ್ಬ ನನ್ನ ಕೈ ಹಿಡಿದುಕೊಂಡ. ನಾನು 'ಗಂಟಿತ್ತು, ಗಂಟಿತ್ತು' ಅನ್ನುತ್ತಿದ್ದೇನೆ, ಯಾರಿಗೆ ಅರ್ಥವಾಗಬೇಕು? 'ಬಸ್ಸಲ್ಲಿ ಸಿಕ್ಕಿದೋರನ್ನೆಲ್ಲ ಮನೆಗೆ ಕರ್ಕೊಂಡ್ ಬಂದರೆ ಹೀಗೇ ಆಗೋದು' ಎಂದು ಒಬ್ಬಳು ಅಂದಳು. ಅಮ್ಮಾ, ಅದು ಸೂಟ್‌ಕೇಸು ಹೋದ ದಿನ ನಾನು ನಿನಗೆ ಹೇಳಿದ ಮಾತೇ. ನನ್ನ ಬಾಯಿಯಿಂದಲೇ ಬಂದ ಹಾಗಿತ್ತು.

ಯಾರೋ ಬಸ್‌ ನಿಲ್ದಾಣಕ್ಕೆ ಓಡಿದರು. ಸೀಟಿಯಮ್ಮ ಬಂದಳು. ಎಲ್ಲರೂ ಒಟ್ಟಿಗೆ ಬಾಯಿ ಮಾಡುತ್ತಿದ್ದರು. ಅವಳು ಸೀಟಿ ಬಾಯಿಗಿಟ್ಟು ಊದಿದಳು ನೋಡು, ಎಲ್ಲ ಗಪ್‌ಚಿಪ್.

'ಏನ್ ಮಾಡ್ತಾ ಇದ್ದೀಯ?' ಎಂದು ನನ್ನನ್ನು ಕೇಳಿದಳು.

'ಸೊಂಟದ ಹತ್ರ ಗಂಟಿತ್ತು ಅಕ್ಕಾ. ನಮ್ಮದು ಹಾಸಿಗೆ ಮಾಡೋ ಮನೆ. ಸರಿ ಮಾಡೋಣ ಅಂತ...'

ಅವಳು ನನ್ನ ಮುಖ ನೋಡಿದಳು, ಬಿಚ್ಚಿದ ಹಾಸಿಗೆ ನೋಡಿದಳು. ನನ್ನನ್ನು ನಂಬಲು ಅವಳಿಗೆ ಯಾವ ಕಾರಣವೂ ಇರಲಿಲ್ಲ. ನಂಬದಿರಲು ಮನೆ ತುಂಬ ಹತ್ತಿ ಇತ್ತು.

'ಆ ಗಂಟು ನಂಗೊತ್ತು' ಅಂದಳು. 'ಮದುವೆ ಆದಾಗಿನಿಂದ ಅದರ ಜೊತೆ ಸಂಸಾರ ಮಾಡ್ತಾ ಇದೀನಿ. ಬಿಡ್ರೋ ಅವಳ ಕೈಯ.' ಆಮೇಲೆ ಹೊಸ್ತಿಲ ಮೇಲೆ ಕೂತು, ನಾನು ಕೊನೆಯ ಹೊಲಿಗೆ ಹಾಕುವವರೆಗೆ ಎದ್ದೇಳಲಿಲ್ಲ. ಹೊಲಿದಾದ ಮೇಲೆ ಮಲಗಿ ನೋಡಿ ಒಂದು ನಿಟ್ಟುಸಿರು ಬಿಟ್ಟಳು. ಅತ್ತೆ ಒಳಗಿನಿಂದ ಕೂಗಿದರು: 'ಹಾಗೇ ನನ್ನದೂ ಒಂದು ಬಿಚ್ಚಿಬಿಡು ಮಗಾ.'

ಈಗ ನಾನು ಇವರ ಮನೆಯಲ್ಲೇ ಇದ್ದೇನೆ. ಬೇರೆ ಕಡೆ ಹುಡುಕುವುದು ಬೇಡ ಅಂದಿದ್ದಾರೆ.

ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ನೀನು ಕೋಣೆಗೆ ಬೀಗ ಹಾಕಿದ್ದ ಕಾಲದಲ್ಲೇ ನನಗೆ ಬಾಗಿಲು ತೆರೆಯಿತು. ಬೀಗ ಹಾಕಿಸಿದವಳು ನಾನು. ಹಾಗಿದ್ದರೆ ನನಗೆ ಹಾಸಿಗೆ ಹೇಗೆ ಸಿಕ್ಕಿತು?

ಕೋಣೆ ತೆಗೆ ಅಮ್ಮಾ. ಇವತ್ತೇ ತೆಗೆ. ಆ ಆಸ್ಪತ್ರೆಯ ಹೆಂಗಸನ್ನು ಹುಡುಕು.

ಪುಟ್ಟಿ

*

ಅಕ್ಟೋಬರ್ ೧೪

ನನ್ನ ಬಂಗಾರ,

ಕಾಗದ ಕೈಗೆ ಬಂದಾಗ ಅಪ್ಪನ ಬಾಯಲ್ಲಿ ದಾರವಿತ್ತು. ದಾರ ಬಾಯಲ್ಲೇ ಇಟ್ಟುಕೊಂಡು ಓದಿದರು, ಕಳ್ಳಿ ಅನ್ನುವಲ್ಲಿ ನಿಲ್ಲಿಸಿದರು. ಸೀಟಿ ಊದುವಲ್ಲಿಗೆ ಬಂದಾಗ ಅಳುತ್ತಾ ನಕ್ಕರು, ದಾರ ನುಂಗುವುದೊಂದು ಬಾಕಿ.

ನಾನು ಬೀಗ ತೆಗೆಯಲು ಹೋದೆ. ತೆಗೆಯದೆ ಇಟ್ಟು ತುಕ್ಕು ಹಿಡಿದಿತ್ತು. ಅಪ್ಪ ಸುತ್ತಿಗೆ ತಂದು ಒಂದೇ ಏಟಿಗೆ ಒಡೆದರು. ಹೊಸ ಬೀಗ ತರುವುದಿಲ್ಲ ಅಂದಿದ್ದಾರೆ.

ಮುಡಿ ಸಹ ಕಟ್ಟದೆ ಆಸ್ಪತ್ರೆಗೆ ಹೋದೆ. ಅವಳು ಅಲ್ಲೇ ಇದ್ದಳು, ಮೆಟ್ಟಿಲ ಕೆಳಗೆ ಚೀಲವನ್ನೇ ತಲೆದಿಂಬು ಮಾಡಿಕೊಂಡು. ಇಷ್ಟು ದಿನವೂ ಅಲ್ಲೇ ಮಲಗಿದ್ದಾಳೆ. 'ಏಳಮ್ಮ, ಹಾಸಿಗೆ ರೆಡಿ ಇದೆ' ಅಂದೆ. 'ನಿಲ್ಲಿಸಿದೀವಿ ಅಂದಿದ್ರಲ್ಲ ಅಕ್ಕಾ?' ಅಂದಳು. 'ನನ್ನ ಮಗಳು ಶುರು ಮಾಡಿಸಿದಳು' ಅಂದೆ. ಅದನ್ನು ಹೇಳುವಾಗ ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತಾ.

ಮೊದಲ ದಿನ ಬೆಳಿಗ್ಗೆ ಕೇಳಿದರೆ 'ಎಲ್ಲೂ ಚುಚ್ಚಲಿಲ್ಲ, ಸುಖವಾಗಿತ್ತು' ಅಂದಳು. ಅಪ್ಪ ನನ್ನ ಕಡೆ ನೋಡಿ ಮೀಸೆ ತಿರುವಿದರು. ಎರಡನೆಯ ದಿನ ಅವಳ ಸಂಕೋಚ ಬಿಟ್ಟಿತು. ಕತ್ತಿನಲ್ಲೊಂದು, ಬೆನ್ನಲ್ಲೊಂದು, ಮಂಡಿಯ ಕೆಳಗೊಂದು ಅಂತ ಶುರು ಮಾಡಿದಳು ನೋಡು, ಅಪ್ಪನ ಕೆಂಪು ದಾರ ಮುಗಿದುಹೋಯಿತು. ಮೇಷ್ಟ್ರ ಹಾಸಿಗೆಯನ್ನೂ ಅವಳೇ ಪರೀಕ್ಷೆ ಮಾಡಿದಳು. ಮೇಷ್ಟ್ರು ಈಗ ನಮ್ಮನ್ನು ಕಂಡರೆ ದೂರದಿಂದಲೇ ಕೈ ಎತ್ತುತ್ತಾರೆ.

ನಿನ್ನ ಪ್ರಶ್ನೆ. ಬೀಗ ಹಾಕಿದ್ದಾಗಲೇ ಹೇಗೆ ಸಿಕ್ಕಿತು ಅಂದಿದ್ದೀಯ. ಪುಟ್ಟಿ, ದೇವರೇನು ಅಂಗಡಿ ಇಟ್ಟುಕೊಂಡಿಲ್ಲ, ನಾನು ಇಷ್ಟು ಕೊಟ್ಟೆ ನೀನು ಅಷ್ಟು ತೂಗು ಅನ್ನುವುದಕ್ಕೆ. ನಾನು ಚಾದರ ಹಾಸಿದ್ದರಿಂದ ಸೀಟಿಯಮ್ಮ ನಿನಗೆ ಹಾಸಿಕೊಟ್ಟಳು ಅಂತ ನಾನು ಹೇಳುವುದಿಲ್ಲ. ಅವಳು ಒಳ್ಳೆಯವಳು, ಹಾಸಿಕೊಟ್ಟಳು. ಹಾಗೆ ಹಾಸಿಕೊಡುವವರು ಎಲ್ಲ ಊರಿನಲ್ಲೂ ಇದ್ದಾರೆ ಅಂತ ನಾನು ನಂಬಿದ್ದೆ, ನೀನು ಕಣ್ಣಾರೆ ಕಂಡೆ. ನನಗೆ ಇದಕ್ಕಿಂತ ದೊಡ್ಡ ಫಲ ಬೇಡ. ನಿನ್ನ ಸೂಟ್‌ಕೇಸು ಬಂದಿಲ್ಲ, ಬರುತ್ತದೆ ಅಂತಲೂ ನಾನು ಕಾಯುತ್ತಿಲ್ಲ.

ಸೀಟಿಯಮ್ಮನಿಗೆ ಒಂದು ಹೊಸ ಹಾಸಿಗೆ ಮಾಡುತ್ತಿದ್ದೇವೆ. ಅವಳ ಎತ್ತರ ಬರೆದು ಕಳಿಸು.

ಅಮ್ಮ

*

ಅಕ್ಟೋಬರ್ ೨೪

ಅಮ್ಮಾ,

ಸೀಟಿಯಮ್ಮ ನನಗಿಂತ ಒಂದು ಗೇಣು ಎತ್ತರ. ಅಗಲದ ಬಗ್ಗೆ ಮಾತ್ರ ಧಾರಾಳವಾಗಿ ಅಳೆಯಲು ಹೇಳಿದ್ದಾಳೆ.

ನಕ್ಷೆಗಳನ್ನು ಮತ್ತೆ ಬರೆಯಲು ಶುರು ಮಾಡಿದ್ದೇನೆ. ಅತ್ತೆ ಪಕ್ಕದಲ್ಲಿ ಕೂತು 'ಅಡುಗೆಮನೆ ಚಿಕ್ಕದಾಯ್ತು' ಎಂದು ಎಲ್ಲ ಕಟ್ಟಡಗಳಿಗೂ ತಕರಾರು ಹೇಳುತ್ತಾರೆ. ಹಳೆಯವಕ್ಕಿಂತ ಚೆನ್ನಾಗಿ ಬರುತ್ತಿವೆ. ಮೊದಲನೆಯದನ್ನು ಆಫೀಸಿನಲ್ಲಿ ತೋರಿಸಿದೆ, ಇನ್ನೂ ಇದ್ದರೆ ತನ್ನಿ ಅಂದರು.

ಮುಂದಿನ ವಾರದ ಶನಿವಾರ ಬರುತ್ತಿದ್ದೇನೆ. ಸಂಜೆಯ ಬಸ್ಸು.

ಒಂದು ಬೇಡಿಕೆ ಇದೆ. ನಾನು ಬರುವ ದಿನ ಹಿಂದಿನ ಕೋಣೆಯ ಹೊಸ ಹಾಸಿಗೆಯನ್ನು ನನಗಿಡು. ಇಷ್ಟು ತಿಂಗಳು ನಿನ್ನೊಡನೆ ಸರಿಯಾಗಿ ಮಾತು ಸಹ ಆಡದವಳು ನಾನು. ಮನೆಯವಳು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೊರಗಿನವಳ ಹಾಗೆ ಬಂದು ಮಲಗುತ್ತೇನೆ, ಬೆಳಿಗ್ಗೆ ನೀನು ಕೇಳು, ಗಂಟು ಎಲ್ಲಿದೆ ಎಂದು ನಿಜ ಹೇಳುತ್ತೇನೆ.

ನಿನ್ನ ಪುಟ್ಟಿ

*

ಅಕ್ಟೋಬರ್ ೨೮

ಪುಟ್ಟೀ,

ಆಗುವುದಿಲ್ಲ.

ಹಿಂದಿನ ಕೋಣೆ ಖಾಲಿಯಿಲ್ಲ. ಆಸ್ಪತ್ರೆಯವಳ ಗಂಡನನ್ನು ನೀನು ಬಂದ ಮರುದಿನ, ಭಾನುವಾರ, ಮನೆಗೆ ಕಳಿಸುತ್ತಾರೆ. ಅಲ್ಲಿಯವರೆಗೆ ಆ ಹಾಸಿಗೆ ಅವಳದು. ನಿನಗಾಗಿ ಅವಳನ್ನು ಎಬ್ಬಿಸುವುದಿಲ್ಲ.

ಹೊರಗಿನವಳಂತೆ! ಬಾ, ಕಿವಿ ಹಿಂಡುತ್ತೇನೆ. ನಿನ್ನ ಜಾಗ ನನ್ನ ಪಕ್ಕ, ಕಿಟಕಿಯ ಕೆಳಗೆ, ನಿನ್ನದೇ ಹಳೆಯ ಹಾಸಿಗೆಯ ಮೇಲೆ. ನಿನ್ನೆ ಅದನ್ನು ಬಿಸಿಲಿಗೆ ಹಾಕಿ ಕೈಯಾಡಿಸಿ ನೋಡಿದೆ. ನೀನು ತೊಟ್ಟಿಲು ಬಿಟ್ಟಾಗ ನಾನು ಹಟ ಹಿಡಿದು ಒಬ್ಬಳೇ ಮಾಡಿದ ಹಾಸಿಗೆ ಅದು. ನನ್ನ ಮಗಳ ಹಾಸಿಗೆಯ ಮೇಲೆ ಬೇರೆ ಯಾರೂ ಮಲಗಬಾರದು ಅಂತ ಅದೊಂದನ್ನು ಮಾತ್ರ ಯಾರಿಗೂ ಹಾಸಿಕೊಡಲಿಲ್ಲ. ಸರಿಯಾಗಿ ನಡುವಿನಲ್ಲಿ ಒಂದು ಗಂಟಿದೆ ಪುಟ್ಟಿ, ಈ ಮುಷ್ಟಿಯಷ್ಟು ದೊಡ್ಡದು. ಇಷ್ಟು ವರ್ಷ ನೀನು ಅದರ ಮೇಲೆಯೇ ಮಲಗಿದೆ, ಒಂದು ದಿನವೂ ಚುಚ್ಚುತ್ತದೆ ಅನ್ನಲಿಲ್ಲ.

ಬಿಚ್ಚಿಲ್ಲ, ಹಾಗೇ ಇಟ್ಟಿದ್ದೇನೆ. ದಬ್ಬಣಕ್ಕೆ ದಾರ ಪೋಣಿಸಿಟ್ಟಿದ್ದೇನೆ. ನೀನು ಬಂದ ಮೇಲೆ ಇಬ್ಬರೂ ಕೂತು ಬಿಚ್ಚೋಣ.

ಅಪ್ಪ ಈಗಲೇ ಬಸ್‌ಸ್ಟ್ಯಾಂಡಿಗೆ ಹೊರಡುವ ಆಸಾಮಿ. ಇನ್ನೂ ದಿನ ಇದೆ ಅಂತ ಕೂರಿಸಿದ್ದೇನೆ.

ಚಾದರ ಕೊಡವಿ ಹಾಸಿ ಕಾಯುತ್ತಿರುವ
ಅಮ್ಮ